ಅಣ್ಣ, ತಮ್ಮ ಮತ್ತು ಕದ್ದು ತಂದ ಟೋಸ್ಟರ್‌ಗಳು

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಈ ಗಾದೆಯೊಳಗೆ ನಗುವೂ ಇದೆ, ನೆತ್ತರೂ ಇದೆ. ಎರಡನ್ನೂ ಒಟ್ಟಿಗೆ ರಂಗದ ಮೇಲೆ ತರುವುದು ಸುಲಭವಲ್ಲ. ನೆತ್ತರು ಹೆಚ್ಚಾದರೆ ಗೋಳಾಟ, ನಗು ಹೆಚ್ಚಾದರೆ ಬರೀ ಪ್ರಹಸನ. ಈ ಹದಕ್ಕಾಗಿ ರಂಗಭೂಮಿ ಎಷ್ಟು ಒದ್ದಾಡಬೇಕಾಗುತ್ತದೆ ಎಂಬುದಕ್ಕೆ ಅಮೆರಿಕದ ನಾಟಕಕಾರ ಸ್ಯಾಮ್ ಶೆಪರ್ಡ್‌ನ ‘ಟ್ರೂ ವೆಸ್ಟ್’ ನಾಟಕದ ಚರಿತ್ರೆ ಒಳ್ಳೆಯ ಉದಾಹರಣೆ.

ಕಥೆ ಸರಳ. ಲಾಸ್ ಏಂಜಲೀಸ್‌ನ ಹೊರವಲಯದ ಒಂದು ಮನೆ. ತಾಯಿ ಅಲಾಸ್ಕಾ ಪ್ರವಾಸಕ್ಕೆ ಹೋಗಿದ್ದಾಳೆ. ಮನೆ ನೋಡಿಕೊಳ್ಳುತ್ತ, ಗಿಡಗಳಿಗೆ ನೀರು ಹಾಕುತ್ತ ತಮ್ಮ ಆಸ್ಟಿನ್ ಸಿನಿಮಾಕ್ಕೆ ಚಿತ್ರಕಥೆ ಬರೆಯುತ್ತಿದ್ದಾನೆ. ಮರುಭೂಮಿಯಲ್ಲಿ ಅಲೆದು ಬಂದ ಅಣ್ಣ ಲೀ ಪುಡಿಗಳ್ಳ. ತಮ್ಮನನ್ನು ಕಾಣಲು ಬಂದ ನಿರ್ಮಾಪಕನನ್ನು ಗಾಲ್ಫ್ ಆಟದಲ್ಲಿ ಬಲೆಗೆ ಹಾಕಿಕೊಂಡು, ತನ್ನ ಅಸಂಬದ್ಧ ಕೌಬಾಯ್ ಕಥೆಯನ್ನೇ ಮಾರಿಬಿಡುತ್ತಾನೆ. ಅಲ್ಲಿಂದ ಎಲ್ಲ ತಲೆಕೆಳಗು. ಕಳ್ಳ ಟೈಪ್‌ರೈಟರ್ ಮುಂದೆ ಕೂರುತ್ತಾನೆ, ಲೇಖಕ ಕಳ್ಳತನಕ್ಕೆ ಹೊರಡುತ್ತಾನೆ.

ನಾಟಕ ಮೊದಲು ಪ್ರದರ್ಶನಗೊಂಡದ್ದು 1980ರ ಜುಲೈನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಜಿಕ್ ಥಿಯೇಟರ್‌ನಲ್ಲಿ, ರಾಬರ್ಟ್ ವುಡ್ರಫ್ ನಿರ್ದೇಶನದಲ್ಲಿ. ಹಿಂದಿನ ವರ್ಷವಷ್ಟೇ ಶೆಪರ್ಡ್‌ಗೆ ‘ಬರೀಡ್ ಚೈಲ್ಡ್’ ನಾಟಕಕ್ಕಾಗಿ ಪುಲಿಟ್ಜರ್ ಬಂದಿತ್ತು. ಹಾಗಾಗಿ ನ್ಯೂಯಾರ್ಕ್‌ನ ಪಬ್ಲಿಕ್ ಥಿಯೇಟರ್ ಆ ಡಿಸೆಂಬರ್‌ನಲ್ಲೇ ನಾಟಕವನ್ನು ಎತ್ತಿಕೊಂಡಿತು. ಪಾತ್ರಕ್ಕೆ ಟಾಮಿ ಲೀ ಜೋನ್ಸ್, ಪೀಟರ್ ಬಾಯ್ಲ್‌ರಂಥ ಹೆಸರಾಂತ ನಟರು. ಆದರೆ ನಿರ್ದೇಶಕ ವುಡ್ರಫ್‌ಗೂ ಥಿಯೇಟರಿನ ಮುಖ್ಯಸ್ಥ ಜೋಸೆಫ್ ಪ್ಯಾಪ್‌ಗೂ ಹೊಂದಾಣಿಕೆಯಾಗಲಿಲ್ಲ. ಪ್ರದರ್ಶನ ಶುರುವಾಗುವ ಮೊದಲೇ ವುಡ್ರಫ್ ಹೊರನಡೆದ. ಆ ಪ್ರಯೋಗವನ್ನು ಶೆಪರ್ಡ್ ತನ್ನದೆಂದು ಒಪ್ಪಿಕೊಳ್ಳಲಿಲ್ಲ, ವಿಮರ್ಶಕರೂ ಮೆಚ್ಚಲಿಲ್ಲ. ಅಣ್ಣತಮ್ಮಂದಿರ ಜಗಳದ ನಾಟಕ ಅದನ್ನು ಕಟ್ಟುವವರ ಜಗಳದಲ್ಲೇ ಸೋತಿತ್ತು.

ಅದನ್ನು ಮತ್ತೆ ನಿಲ್ಲಿಸಿದ್ದು ಷಿಕಾಗೋದ ಸ್ಟೆಪನ್‌ವುಲ್ಫ್ ಎಂಬ ಯುವತಂಡ. 1982ರಲ್ಲಿ ಗ್ಯಾರಿ ಸಿನೀಸ್ ತಾನೇ ನಿರ್ದೇಶಿಸಿ, ತಮ್ಮನ ಪಾತ್ರ ವಹಿಸಿದ. ಅಣ್ಣನಾಗಿ ಜಾನ್ ಮಾಲ್ಕೊವಿಚ್. ಆಗ ಅವರು ಷಿಕಾಗೋದ ಹೊರಗೆ ಹೆಚ್ಚು ಯಾರಿಗೂ ಗೊತ್ತಿಲ್ಲದ ನಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಈ ಪ್ರಯೋಗ ನ್ಯೂಯಾರ್ಕ್‌ನ ಪುಟ್ಟ ಚೆರ್ರಿ ಲೇನ್ ಥಿಯೇಟರ್‌ಗೆ ಬಂದು, 1984ರ ಆಗಸ್ಟ್‌ವರೆಗೆ 762 ಪ್ರದರ್ಶನ ಕಂಡಿತು. ಎರಡು ವರ್ಷದ ಹಿಂದೆ ಅದೇ ಊರಿನಲ್ಲಿ ಸೋತ ನಾಟಕ ಇದು.

ಬದಲಾದದ್ದೇನು? 1984ರಲ್ಲಿ ಪ್ರಸಾರವಾದ ಈ ಪ್ರಯೋಗದ ಟಿ.ವಿ. ಚಿತ್ರೀಕರಣ ನೋಡಿದರೆ ಒಂದು ಮಾತು ಹೊಳೆಯುತ್ತದೆ. ಇಲ್ಲಿ ಯಾರೂ ನಗಿಸಲು ಹೊರಟಿಲ್ಲ, ಯಾರೂ ಹೆದರಿಸಲೂ ಹೊರಟಿಲ್ಲ. ಊರಲ್ಲಿ ಕದಿಯುವುದು ನಿನ್ನ ಕೈಲಾಗದು ಎಂದು ಅಣ್ಣ ಹಂಗಿಸಿದ್ದಕ್ಕೆ ತಮ್ಮ ರಾತ್ರಿಯೆಲ್ಲ ಅಲೆದು ಮನೆಮನೆಯ ಟೋಸ್ಟರ್ ಕದ್ದು ತಂದು, ಸಾಲಾಗಿ ಜೋಡಿಸಿ, ಒರೆಸಿ ಹೊಳಪು ಕೊಡುತ್ತಾನೆ. ಅವನಿಗೆ ಅದು ಪ್ರಾಣದ ಪ್ರಶ್ನೆ, ನಮಗೆ ನಗು. ಪಕ್ಕದಲ್ಲೇ ಅಣ್ಣ ಗಾಲ್ಫ್ ಕೋಲಿನಿಂದ ಟೈಪ್‌ರೈಟರ್ ಜಜ್ಜುತ್ತಿರುತ್ತಾನೆ. ರೊಟ್ಟಿ ನಿಜವಾಗಿಯೇ ಸುಡಬೇಕು, ಟೋಸ್ಟರಿನಿಂದ ಹೊತ್ತಿಗೆ ಸರಿಯಾಗಿ ಚಿಮ್ಮಬೇಕು. ಇಂಥ ದೃಶ್ಯಕ್ಕೆ ಲಹರಿ ಸಾಲದು, ಕವಾಯತಿನಂಥ ತಾಲೀಮು ಬೇಕು.

ತಂದೆಯ ಹಲ್ಲಿನ ಕಥೆಯೂ ಹಾಗೆಯೇ. ಕುಡುಕ ತಂದೆ ತನ್ನ ಕಟ್ಟುಹಲ್ಲನ್ನು ತಿಂಡಿಯ ಪೊಟ್ಟಣದಲ್ಲಿ ಹಾಕಿಕೊಂಡು ಬಾರಿನಿಂದ ಬಾರಿಗೆ ಅಲೆದು, ಎಲ್ಲೋ ಮರೆತು ಕಳೆದುಕೊಂಡ ಕಥೆಯನ್ನು ಆಸ್ಟಿನ್ ಹೇಳುತ್ತಾನೆ. ನಗುತ್ತ ನಗುತ್ತ ತಿಳಿಯುತ್ತದೆ, ಈ ಇಬ್ಬರಿಗೂ ತಂದೆಯಿಂದ ಬಂದ ಆಸ್ತಿ ಇದೊಂದೇ. ಪಾಲು ಮಾಡಲು ಬೇರೇನೂ ಇಲ್ಲ.

ಶೆಪರ್ಡ್‌ಗೆ ಈ ಗುಟ್ಟು ಗೊತ್ತಿತ್ತು. ರಂಗಸಜ್ಜಿಕೆ ಇದ್ದದ್ದು ಇದ್ದಂತೆಯೇ ಇರಲಿ, ಅದರ ಮೇಲೆ ಯಾವ ‘ಪರಿಕಲ್ಪನೆ’ಯನ್ನೂ ಹೇರಬೇಡಿ ಎಂಬ ಅರ್ಥದ ಸೂಚನೆಯನ್ನು ನಾಟಕದ ಮೊದಲಿಗೇ ಬರೆದಿದ್ದಾನೆ. ಅಡುಗೆಮನೆ ಸಾದಾ ಆಗಿದ್ದಷ್ಟೂ ಅದು ಹಾಳಾಗುವುದು ಹೆಚ್ಚು ನಗು, ಹೆಚ್ಚು ಭಯ ತರುತ್ತದೆ. ಕೊನೆಗೆ ತಾಯಿ ಮರಳಿ ಬಂದಾಗ ಮನೆ ತುಂಬ ಕಸ, ಗಿಡಗಳೆಲ್ಲ ಒಣಗಿವೆ. ಅವಳೆದುರೇ ತಮ್ಮ ಅಣ್ಣನ ಕುತ್ತಿಗೆಗೆ ಟೆಲಿಫೋನ್ ವೈರು ಬಿಗಿಯುತ್ತಾನೆ.

ಮುಂದೆ ಇದೇ ಪಾತ್ರಗಳನ್ನು ಒಡಹುಟ್ಟಿದವರೇ ಆದ ರ‍್ಯಾಂಡಿ ಮತ್ತು ಡೆನಿಸ್ ಕ್ವೇಡ್ ಆಡಿದರು. 2000ರಲ್ಲಿ ಬ್ರಾಡ್‌ವೇಯಲ್ಲಿ ಮ್ಯಾಥ್ಯೂ ವಾರ್ಕಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಫಿಲಿಪ್ ಸೀಮೋರ್ ಹಾಫ್‌ಮನ್ ಮತ್ತು ಜಾನ್ ಸಿ. ರೈಲಿ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಕೆಲವು ದಿನ ಅಣ್ಣನಾದವನು ಮುಂದಿನ ಕೆಲವು ದಿನ ತಮ್ಮ. ಇಬ್ಬರಿಗೂ ಟೋನಿ ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿತು. ಇದನ್ನು ಬರೀ ಚಮತ್ಕಾರ ಎನ್ನಲಾಗದು. ಮನೆವಾಳ ತಮ್ಮನೊಳಗೊಬ್ಬ ಕಳ್ಳ, ಪುಂಡ ಅಣ್ಣನೊಳಗೊಬ್ಬ ಗೃಹಸ್ಥ ಹೊಂಚು ಹಾಕಿದ್ದಾನೆ ಎಂದು ನಾಟಕ ಹೇಳುತ್ತಲೇ ಇತ್ತು. ನಟರು ಅದನ್ನು ಮೈಯಲ್ಲಿ ತೋರಿಸಿದರು.

ಕೊನೆಯ ದೃಶ್ಯದಲ್ಲಿ ಸತ್ತನೆಂದುಕೊಂಡ ಅಣ್ಣ ಥಟ್ಟನೆ ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಇಬ್ಬರೂ ಎದುರುಬದುರು, ಬೆಳಕು ಆರುತ್ತದೆ. ಗೆದ್ದವರು ಯಾರೆಂದು ಶೆಪರ್ಡ್ ಹೇಳುವುದಿಲ್ಲ. ದಾಯಾದಿ ಜಗಳದಲ್ಲಿ ಗೆದ್ದವನಿಗೂ ಉಳಿಯುವುದು ಒಣಗಿದ ಗಿಡ, ಸುಟ್ಟ ರೊಟ್ಟಿ. ಅದನ್ನು ಕಂಡು ನಗಬೇಕೋ ಬೇಡವೋ ಎಂದು ಒಂದು ಗಳಿಗೆ ತಿಳಿಯದೇ ಹೋದರೆ, ಪ್ರಯೋಗ ಗೆದ್ದಂತೆ.