ಫ್ಯಾಷನ್ ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆ ಸಾಕ್ಷರತೆ

ಕೃತಕ ಬುದ್ಧಿಮತ್ತೆಯ ಸಾಧನಗಳು ಕೆಲಸ ಮಾಡುವ ಬಗೆಯನ್ನು ಅರಿತು, ಅವನ್ನು ಬಳಸಿ, ಅವು ಕೊಟ್ಟದ್ದನ್ನು ಒರೆಗೆ ಹಚ್ಚಲು ಉನ್ನತ ಶಿಕ್ಷಣದಲ್ಲಿ ಫ್ಯಾಷನ್ ವಿದ್ಯಾರ್ಥಿಗಳಿಗೆ ನೀಡುವ ತರಬೇತಿ ಇದು. ಡ್ಯೂರಿ ಲಾಂಗ್ ಮತ್ತು ಬ್ರಯನ್ ಮ್ಯಾಗರ್ಕೊ 2020ರಲ್ಲಿ ಒಟ್ಟಾರೆ ಕೃತಕ ಬುದ್ಧಿಮತ್ತೆ ಸಾಕ್ಷರತೆಗೆ 17 ಸಾಮರ್ಥ್ಯಗಳನ್ನು ಗುರುತಿಸಿದರು. ಪ್ರೋಗ್ರಾಮಿಂಗ್ ಬಾರದವರೂ ಇವುಗಳಲ್ಲಿ ಬಹುಪಾಲನ್ನು ಕಲಿಯಬಹುದು.

ಕಲಿಕೆ ಸಾಮಾನ್ಯವಾಗಿ ದತ್ತಾಂಶದಿಂದ ಆರಂಭವಾಗುತ್ತದೆ. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ 'ಡೀಪ್‌ಫ್ಯಾಷನ್' ಸಂಗ್ರಹದಲ್ಲಿ 8 ಲಕ್ಷಕ್ಕೂ ಹೆಚ್ಚು ಉಡುಪಿನ ಚಿತ್ರಗಳಿವೆ. ಇಂಥ ಚಿತ್ರಗಳಿಂದ ಕಲಿತ ಯಂತ್ರ, ಸಂಗ್ರಹದಲ್ಲಿ ವಿರಳವಾಗಿರುವ ಮೈಕಟ್ಟು, ಮೈಬಣ್ಣ ಅಥವಾ ಉಡುಗೆಯನ್ನು ತಪ್ಪಾಗಿ ಗುರುತಿಸುವ ಸಾಧ್ಯತೆ ಹೆಚ್ಚು.

ಎರಡನೆಯ ಹಂತ ಬಳಕೆ: ಒಲವುಗಳ ಮುನ್ಸೂಚನೆ, ಬೇಡಿಕೆಯ ಅಂದಾಜು, ಪಠ್ಯ ಸೂಚನೆಯಿಂದ ಚಿತ್ರರಚನೆ. ಆದರೆ ತೆರೆಯ ಮೇಲಿನ ಚಿತ್ರ ಹೊಲಿಯಬಹುದಾದ ಉಡುಪಲ್ಲ. ಬಟ್ಟೆ ಇಳಿಬೀಳುವ ರೀತಿ, ಕತ್ತರಿಸುವ ಅಳತೆ, ಹೊಲಿಗೆಯ ಅಂಚು ಅದರಲ್ಲಿ ಇರುವುದಿಲ್ಲ. ಧಾರವಾಡ ಭಾಗದ ಕಸೂತಿ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಗವಂತಿ ಮತ್ತು ಮುರ್ಗಿ ಹೊಲಿಗೆಗಳನ್ನು ಎಳೆ ಎಣಿಸಿ, ಎರಡೂ ಬದಿ ಒಂದೇ ರೀತಿ ಕಾಣುವಂತೆ ಹಾಕುತ್ತಾರೆ. ಚಿತ್ರ ರಚಿಸುವ ಯಂತ್ರ ಆ ನೋಟವನ್ನು ಅನುಕರಿಸಬಲ್ಲದು, ಎಳೆಯ ಲೆಕ್ಕವನ್ನು ಪಾಲಿಸುವುದಿಲ್ಲ. ಹೀಗಾಗಿ ಕೈಕಸುಬಿನ ಅರಿವೂ ಈ ಸಾಕ್ಷರತೆಯ ಭಾಗ.

ಮೂರನೆಯದು ಹಕ್ಕು ಮತ್ತು ಹೊಣೆ. ಅಮೆರಿಕದ ಕೃತಿಸ್ವಾಮ್ಯ ಕಚೇರಿ 2023ರ ಮಾರ್ಗಸೂಚಿಯಲ್ಲಿ ಮಾನವ ಕರ್ತೃತ್ವವಿಲ್ಲದ ರಚನೆಗೆ ನೋಂದಣಿ ಇಲ್ಲವೆಂದು ಸ್ಪಷ್ಟಪಡಿಸಿತು. ವಿದ್ಯಾರ್ಥಿಯ ಸ್ವಂತ ಕೊಡುಗೆ ಎಷ್ಟೆಂದು ತಿಳಿಯಲು ಮೌಲ್ಯಮಾಪನದಲ್ಲಿ ಅಂತಿಮ ವಿನ್ಯಾಸದ ಜೊತೆಗೆ ಬಳಸಿದ ಸಾಧನ, ಕೊಟ್ಟ ಸೂಚನೆ, ಕೈಬಿಟ್ಟ ಆಯ್ಕೆಗಳ ದಾಖಲೆಯನ್ನೂ ಪರಿಶೀಲಿಸಬಹುದು.