ಹಳಿ ನೋಡಲು ಬರುತ್ತಿದ್ದ ಗಾಡಿಗಳು: ಟ್ರಾಲಿಯಿಂದ ಆಸ್ಟಿನ್ ಕಾರಿನವರೆಗೆ

ಹೊಸೂರು, ಕೆಲಮಂಗಲ, ರಾಯಕೋಟೆ ಕಡೆ ರೈಲ್ವೆ ಗೇಟಿನಲ್ಲಿ ಕಾದು ನಿಂತವರಿಗೆ ಈ ದೃಶ್ಯ ಹೊಸದಲ್ಲ. ರೈಲು ಬರುತ್ತದೆ ಎಂದು ನೋಡುತ್ತಿದ್ದರೆ ಬರುವುದು ನಾಲ್ಕು ಚಕ್ರದ ಒಂದು ಪುಟ್ಟ ಗಾಡಿ. ಮುಂದಿನ ಬೆಂಚಿನ ಮೇಲೆ ಸಾಹೇಬರು, ಪಕ್ಕದಲ್ಲಿ ಕೆಂಪು ಬಾವುಟ, ಹಿಂದೆ ಹಳಿಯ ಮೇಲೆಯೇ ಓಡುತ್ತಾ ಗಾಡಿ ತಳ್ಳುವ ಇಬ್ಬರು. ಇದೇ ಪುಶ್ ಟ್ರಾಲಿ. ನಮ್ಮ ಗಡಿ ಊರುಗಳಲ್ಲಿ ಕನ್ನಡದವರೂ ತಮಿಳಿನವರೂ ತೆಲುಗಿನವರೂ ಇದನ್ನು ಕರೆಯುವುದು ಒಂದೇ ಹೆಸರಿನಿಂದ: ಟ್ರಾಲಿ.

ಟ್ರಾಲಿ ಎಂದರೇನು?

ರೈಲ್ವೆ ನಿಯಮದಲ್ಲಿ ಇದಕ್ಕೆ ಸರಳ ಅಳತೆಯಿದೆ. ನಾಲ್ಕು ಜನ ಸೇರಿ ಹಳಿಯಿಂದ ಎತ್ತಿ ಪಕ್ಕಕ್ಕಿಡಲು ಆಗುವುದು ಟ್ರಾಲಿ. ಅದಕ್ಕಿಂತ ಭಾರದ್ದು ಲಾರಿ (ರಸ್ತೆಯ ಲಾರಿಯಲ್ಲ!). ಮೋಟಾರಿನಿಂದ ತಾನೇ ಓಡುವುದು ಮೋಟಾರ್ ಟ್ರಾಲಿ. ಹಿಂದಿನಿಂದ ರೈಲು ಬಂದರೆ ಇಳಿದು, ಗಾಡಿಯನ್ನು ಎತ್ತಿ ಬದಿಗಿಡಬೇಕು. ತಿರುವಿನಲ್ಲಿ, ಸೇತುವೆಯ ಮೇಲೆ, ಬೆಟ್ಟ ಕಡಿದ ಜಾಗದಲ್ಲಿ ಇದು ಪ್ರಾಣದ ಪ್ರಶ್ನೆ. ಆದ್ದರಿಂದಲೇ ಟ್ರಾಲಿಯಲ್ಲಿ ಬಾವುಟ, ಸಿಗ್ನಲ್ ದೀಪ, ಪಟಾಕಿಯಂತೆ ಸಿಡಿದು ಎಚ್ಚರಿಸುವ ಡಿಟೋನೇಟರ್, ಗಡಿಯಾರ, ರೈಲುಗಳ ವೇಳಾಪಟ್ಟಿ ಇರಲೇಬೇಕು.

ನಿಧಾನವಾಗಿ ಹೋಗುವುದೇ ಇದರ ಗುಣ. ಸಡಿಲವಾದ ಬೋಲ್ಟು, ಕುಸಿದ ಜಲ್ಲಿ, ಒಡೆದ ಸ್ಲೀಪರ್ ವೇಗದ ರೈಲಿನಿಂದ ಕಾಣುವುದಿಲ್ಲ. ಟ್ರಾಲಿಯ ಬೆಂಚಿನಿಂದ ಕಾಣುತ್ತದೆ.

ನಮ್ಮ ಸೀಮೆಯ ರೈಲು

ಈ ಭಾಗಕ್ಕೆ ರೈಲು ಬಂದದ್ದು ಬರಗಾಲದ ಭಯದಿಂದ. ಕಾಳುಕಡ್ಡಿ ಸಾಗಿಸಲು ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಹಾಕಿದರು. ತಿರುಪತ್ತೂರು–ಕೃಷ್ಣಗಿರಿ ಮಾರ್ಗ 1905ರಲ್ಲಿ, ಮೊರಪ್ಪೂರು–ಧರ್ಮಪುರಿ ಮಾರ್ಗ 1906ರಲ್ಲಿ ಶುರುವಾದವು. ಧರ್ಮಪುರಿಯಿಂದ ಹೊಸೂರಿಗೆ ರೈಲು 1913ರಲ್ಲಿ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡನ್ನೂ ಮುಚ್ಚಿ ಹಳಿ ಕಿತ್ತರು. ಬೆಂಗಳೂರು–ಸೇಲಂ ಮೀಟರ್‌ಗೇಜ್ ಮಾರ್ಗ 1960ರ ದಶಕದಲ್ಲಿ ಬಂದ ಮೇಲೆಯೇ ಹೊಸೂರಿಗೆ ಮತ್ತೆ ರೈಲಿನ ಸದ್ದು ಕೇಳಿಸಿತು. 1990ರ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು. ಕೃಷ್ಣಗಿರಿ 2004ರಲ್ಲಿ ಜಿಲ್ಲೆಯಾದರೂ ಜಿಲ್ಲಾ ಕೇಂದ್ರಕ್ಕೆ ಕಳೆದುಹೋದ ರೈಲು ತಿರುಗಿ ಬಂದಿಲ್ಲ.

ಹಳಿ ನೋಡುವ ಕೆಲಸ ಎಷ್ಟು ಮುಖ್ಯ ಎಂಬುದು 2021ರ ನವೆಂಬರ್ 12ರ ಬೆಳಗಿನ ಜಾವ ಗೊತ್ತಾಯಿತು. ಧರ್ಮಪುರಿ ಜಿಲ್ಲೆಯ ತೊಪ್ಪೂರು–ಶಿವಾಡಿ ನಡುವಿನ ಘಾಟಿಯಲ್ಲಿ ಬೆಟ್ಟದಿಂದ ಬಂಡೆ ಉರುಳಿ ಕಣ್ಣೂರು–ಯಶವಂತಪುರ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಅದೃಷ್ಟಕ್ಕೆ ಯಾರ ಪ್ರಾಣವೂ ಹೋಗಲಿಲ್ಲ.

ಮೈಸೂರಿನಲ್ಲಿ ಉಳಿದ ಕಾರು

ತಳ್ಳುವ ಟ್ರಾಲಿಯ ಜೊತೆಗೆ ಇನ್ನೂ ವಿಚಿತ್ರವಾದ ಗಾಡಿಗಳೂ ಇದ್ದವು. ರಸ್ತೆಯ ಮೋಟಾರ್ ಕಾರಿಗೆ ಟೈರು ತೆಗೆದು, ಅಂಚುಳ್ಳ ಕಬ್ಬಿಣದ ಚಕ್ರ ಹಾಕಿ ಹಳಿಗಿಳಿಸುತ್ತಿದ್ದರು. ದಾರಿ ತೋರಿಸುವುದು ಹಳಿಯೇ ಆದ್ದರಿಂದ ಸ್ಟಿಯರಿಂಗ್ ತಿರುಗಿಸುವ ಕೆಲಸವೇ ಇಲ್ಲ. ಅಂಥದ್ದೊಂದು ಆಸ್ಟಿನ್ ಕಾರು ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿದೆ. 1979ರಲ್ಲಿ ಆರಂಭವಾದ ಈ ಮ್ಯೂಸಿಯಂ ಕೆ.ಆರ್.ಎಸ್. ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗಿದೆ. ಮಹಾರಾಣಿಯವರ ಸಲೂನ್ ಬೋಗಿ ನೋಡಲು ಜನ ಮುಗಿಬೀಳುತ್ತಾರೆ. ಆಸ್ಟಿನ್ ಮುಂದೆಯೂ ಐದು ನಿಮಿಷ ನಿಲ್ಲಿ. ಮಕ್ಕಳಿಗೆ ಚಕ್ರ ತೋರಿಸಿ.

ಬೇರೆ ದೇಶಗಳಲ್ಲಿ

ಅಮೆರಿಕದ ಮಿಷಿಗನ್‌ನ ಜಾರ್ಜ್ ಶೆಫೀಲ್ಡ್ ಎಂಬಾತ ಒಬ್ಬನೇ ಕೂತು ನಡೆಸುವ ಮೂರು ಚಕ್ರದ ಹಳಿ ಬಂಡಿಗೆ 1879ರಲ್ಲಿ ಪೇಟೆಂಟ್ ಪಡೆದ. ಇಂಗ್ಲೆಂಡಿನ ಡ್ರೂರಿ, ವಿಕ್‌ಹ್ಯಾಮ್ ಕಂಪನಿಗಳು ತಪಾಸಣಾ ಗಾಡಿಗಳಿಗೆ ಹೆಸರಾಗಿದ್ದವು. ಅಮೆರಿಕದಲ್ಲಿ ಇಂದು ಹವ್ಯಾಸಿಗಳು ಹಳೆಯ ಮೋಟಾರ್ ಟ್ರಾಲಿ ಕೊಂಡು, ರಿಪೇರಿ ಮಾಡಿ, ರೈಲ್ವೆ ಕಂಪನಿಗಳ ಅನುಮತಿ ಪಡೆದು ಗುಂಪಾಗಿ ಓಡಿಸುತ್ತಾರೆ. ಅದಕ್ಕೊಂದು ಸಂಘವೂ ಇದೆ.

ಉಳಿಸುವುದು ಹೇಗೆ?

ಹಳಿಯ ಏರುಪೇರನ್ನು ಅಳೆಯಲು ಈಗ ಟ್ರ್ಯಾಕ್ ರೆಕಾರ್ಡಿಂಗ್ ಕಾರ್ ಇದೆ. ಕಬ್ಬಿಣದ ಒಳಗಿನ ಬಿರುಕನ್ನು ಅಲ್ಟ್ರಾಸಾನಿಕ್ ಯಂತ್ರ ಹಿಡಿಯುತ್ತದೆ. ಇದರಿಂದ ಪ್ರಯಾಣಿಕರಿಗೆ ಒಳ್ಳೆಯದೇ. ಆದರೆ ಹಳೆಯ ಉಗಿ ಎಂಜಿನ್ನಿಗೆ ಬಣ್ಣ ಬಳಿದು ಸ್ಟೇಷನ್ ಮುಂದೆ ನಿಲ್ಲಿಸುವವರು ಹಳೆಯ ಟ್ರಾಲಿಯನ್ನು ಉಳಿಸಬೇಕೆಂದು ಯೋಚಿಸುವುದು ಕಡಿಮೆ. ಮರ ಮುರಿದರೆ, ಕಬ್ಬಿಣ ಗುಜರಿಗೆ. ಅದನ್ನು ತಳ್ಳಿದವರ ನೆನಪೂ ಅದರ ಜೊತೆಗೇ ಹೋಗುತ್ತದೆ.

ದೊಡ್ಡ ಖರ್ಚಿಲ್ಲದೆ ಕೆಲವನ್ನು ಮಾಡಬಹುದು. ನಿಮ್ಮ ಮನೆಯಲ್ಲಿ ಗ್ಯಾಂಗ್‌ಮನ್, ಟ್ರಾಲಿಮನ್ ಆಗಿದ್ದ ತಾತನವರಿದ್ದರೆ ಅವರ ಮಾತನ್ನು ಬರೆದಿಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಳೆಯ ಫೋಟೋ, ಬಿಲ್ಲೆ, ಸ್ವಂತದ ದೀಪ ಇದ್ದರೆ ಗುಜರಿಗೆ ಹಾಕಬೇಡಿ. ಕಿತ್ತುಹೋದ ನ್ಯಾರೋಗೇಜ್ ಹಳಿ ಯಾರ ಹೊಲದ ಅಂಚಿನಲ್ಲಿ ಹೋಗಿತ್ತು ಎಂದು ಬಲ್ಲ ಹಿರಿಯರನ್ನು ಕೇಳಿ ಗುರುತಿಟ್ಟುಕೊಳ್ಳಿ. ಒಂದು ಹಳೆಯ ಟ್ರಾಲಿಯನ್ನಾದರೂ ಹೊಸೂರು ಸ್ಟೇಷನ್ನಿನಲ್ಲಿ ಇಡಿ ಎಂದು ಊರವರು ಸೇರಿ ಬೆಂಗಳೂರು ವಿಭಾಗದ ರೈಲ್ವೆ ಕಚೇರಿಗೆ ಅರ್ಜಿ ಕೊಡಬಹುದು. ಹೊಸೂರು ಸ್ಟೇಷನ್ ಆ ವಿಭಾಗಕ್ಕೇ ಸೇರಿದ್ದು.

ಒಂದು ಎಚ್ಚರಿಕೆ: ಫೋಟೋ ತೆಗೆಯುವ ಆಸೆಯಿಂದ ಹಳಿಯ ಮೇಲೆ ಹೋಗಬೇಡಿ. ಅದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, ಪ್ರಾಣಕ್ಕೂ ಅಪಾಯ. ಮುಂದಿನ ಸಲ ಗೇಟಿನಲ್ಲಿ ಟ್ರಾಲಿ ಕಂಡರೆ ನಿಂತಲ್ಲಿಂದಲೇ ನೋಡಿ. ಬೆಂಚಿನ ಮೇಲೆ ಕೂತವರನ್ನಷ್ಟೇ ಅಲ್ಲ, ಹಳಿಯ ಮೇಲೆ ಓಡುತ್ತಾ ತಳ್ಳುವವರನ್ನೂ.