ಮೊದಲ ಅಚ್ಚೋ, ಮರುಮುದ್ರಣವೋ? ನಿಜಾಮರ ಅಂಚೆಚೀಟಿಗಳ ಒಂದು ಪರೀಕ್ಷೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅವುಗಳ ಪೂರ್ವಕ್ಕೆ ಕಲಬುರ್ಗಿ, ಸುರಪುರ, ಲಿಂಗಸುಗೂರುಗಳ ಸೀಮೆ ಹೈದರಾಬಾದಿನ ನಿಜಾಮರದು. ಎರಡೂ ಕಡೆ ಆಡುವ ಮಾತು ಒಂದೇ, ಬೀಗತನ ಒಂದೇ, ದನದ ಸಂತೆಯೂ ಒಂದೇ. ಅಂಚೆ ಮಾತ್ರ ಬೇರೆ. ಈಚೆಯ ಪತ್ರಕ್ಕೆ ವಿಕ್ಟೋರಿಯಾ ರಾಣಿಯ ಮುಖವಿದ್ದ ಬ್ರಿಟಿಷ್ ಇಂಡಿಯಾದ ಚೀಟಿ. ಆಚೆ, ಸಂಸ್ಥಾನದ ಒಳಗೇ ಓಡಾಡುವ ಪತ್ರಕ್ಕೆ 1869ರಿಂದ ನಿಜಾಮ ಸರ್ಕಾರದ್ದೇ ಚೀಟಿ. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1950ರ ಏಪ್ರಿಲ್‌ನಲ್ಲಿ ಅದರ ಅಂಚೆಯೂ ಭಾರತೀಯ ಅಂಚೆಯಲ್ಲಿ ಸೇರುವವರೆಗೆ ಈ ಏರ್ಪಾಡು ನಡೆಯಿತು.

ಹೀಗಾಗಿ ನಮ್ಮ ಗಡಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ, ಲೆಕ್ಕದ ಪುಸ್ತಕಗಳ ನಡುವೆ, ಬೀಗರ ಪತ್ರಗಳ ಕಟ್ಟಿನಲ್ಲಿ ನಿಜಾಮರ ಚೀಟಿ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಸಿಕ್ಕ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಇದು ಆ ಕಾಲದಲ್ಲಿ ಅಂಚೆಗೆಂದು ಅಚ್ಚಾದ ಚೀಟಿಯೋ, ಅಚ್ಚಿಗೆ ಮೊದಲು ಪರೀಕ್ಷೆಗೆಂದು ತೆಗೆದ ಪ್ರೂಫೋ, ಅಥವಾ ಆ ಚೀಟಿಯ ಕಾಲ ಮುಗಿದ ಮೇಲೆ ಅದೇ ಫಲಕಗಳಿಂದ ಮತ್ತೆ ತೆಗೆದ ಮರುಮುದ್ರಣವೋ? ಮೂರಕ್ಕೂ ಬೆಲೆ ಬೇರೆ ಬೇರೆ. ಬೆಲೆಯ ಮಾತು ಹಾಗಿರಲಿ, ಇತಿಹಾಸ ಬರೆಯುವವನಿಗೆ ಅವು ಹೇಳುವ ಸಂಗತಿಯೂ ಬೇರೆ ಬೇರೆ. ಪ್ರೂಫ್ ಎಂದರೆ ಚೀಟಿ ಹುಟ್ಟುವುದಕ್ಕೆ ಮುಂಚಿನ ದಾಖಲೆ. ಮರುಮುದ್ರಣ ಎಂದರೆ ಅದರ ಕಾಲ ಮುಗಿದ ಮೇಲಿನದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮರುಮುದ್ರಣವೂ ನಕಲಿಯೂ ಒಂದಲ್ಲ. ನಕಲಿಯವನು ಹೊಸ ಫಲಕ ಕೊರೆಯಬೇಕು. ಎಲ್ಲೋ ಒಂದು ಗೆರೆ ತಪ್ಪುತ್ತದೆ, ಅಲ್ಲಿ ಸಿಕ್ಕಿಬೀಳುತ್ತಾನೆ. ಮರುಮುದ್ರಣದಲ್ಲಿ ಫಲಕ ಅಸಲಿಯದೇ ಆಗಿರುತ್ತದೆ. ಚಿತ್ರವನ್ನು ಎಷ್ಟು ದೊಡ್ಡ ಭೂತಗನ್ನಡಿಯಿಂದ ನೋಡಿದರೂ ಗೆರೆಗೆ ಗೆರೆ ಹೊಂದುತ್ತದೆ. ಆದ್ದರಿಂದ ಚಿತ್ರವನ್ನು ಬಿಟ್ಟು ಉಳಿದದ್ದನ್ನು ನೋಡಬೇಕಾಗುತ್ತದೆ: ಕಾಗದ, ಶಾಯಿ, ಅಂಚಿನ ರಂಧ್ರ. ಇವು ಮೂರೂ ಅಳೆಯಬಹುದಾದ ವಸ್ತುಗಳು. ಭೌತವಿಜ್ಞಾನದವರು ಈ ವಿಷಯಕ್ಕೆ ತಲೆಹಾಕುವುದಕ್ಕೆ ಅದೇ ಕಾರಣ.

ಹೈದರಾಬಾದಿನ ಮೊದಲ ಚೀಟಿ 1869ರ ಒಂದು ಆಣೆಯದು. ಬಣ್ಣ ಆಲಿವ್ ಹಸಿರು. ಮರುವರ್ಷ, 1870ರಲ್ಲಿ, ಅರ್ಧ ಆಣೆಯ ಕಂದು ಚೀಟಿ ಮತ್ತು ಎರಡು ಆಣೆಯ ಬೂದು ಮಿಶ್ರಿತ ಹಸಿರು ಚೀಟಿ ಬಂದವು. ಈ ಎರಡನೆಯ ಕಂತಿನದು ಒಂದು ವಿಶೇಷ. ಇದರ ಫಲಕಗಳನ್ನು ಕೊರೆದದ್ದು ಇಲ್ಲಿಯೇ, ಲಂಡನ್ನಿನಲ್ಲಲ್ಲ. ಒಂದು ಮೂಲ ಅಚ್ಚಿನಿಂದ ಪಡಿಯೆತ್ತುವ ಬದಲು ಪ್ರತಿಯೊಂದು ಚೀಟಿಯನ್ನೂ ಕೈಯಿಂದಲೇ ಬೇರೆ ಬೇರೆಯಾಗಿ ಕೊರೆದರು. ಹಾಗಾಗಿ ಒಂದೊಂದು ಬೆಲೆಯಲ್ಲೂ 240 ಬಗೆಗಳಿವೆ. ಒಂದರ ಹಾಗೆ ಇನ್ನೊಂದಿಲ್ಲ. ಆ ಕೆತ್ತನೆಗಾರರ ತಾಳ್ಮೆ ದೊಡ್ಡದು. ಸೂಕ್ಷ್ಮವಾಗಿ ನೋಡಬಲ್ಲವನು ಒಂದು ಬಿಡಿ ಚೀಟಿಯನ್ನು ಹಿಡಿದು, ಅದು ಹಾಳೆಯ ಯಾವ ಮನೆಯಲ್ಲಿತ್ತು ಎಂದು ಹೇಳಬಹುದು.

1880ರಲ್ಲಿ ಈ ಮೂರೂ ಚೀಟಿಗಳ ಮರುಮುದ್ರಣವಾಯಿತು. ಅಷ್ಟರಲ್ಲಿ 1871ರ ಹೊಸ ಮಾದರಿಯ ಚೀಟಿಗಳು ಬಂದು ಒಂಬತ್ತು ವರ್ಷಗಳಾಗಿದ್ದವು. ಮರುಮುದ್ರಣಕ್ಕೆ ಬಿಳಿಯ ಕಾಗದ ಬಳಸಿದರು. ಒಂದು ಆಣೆಯದನ್ನು ಮೂಲ ಬಣ್ಣದಲ್ಲೂ ಎಂದೂ ಇರದಿದ್ದ ಬಣ್ಣಗಳಲ್ಲೂ ತೆಗೆದರು. ಅರ್ಧ ಆಣೆಯದನ್ನು ಬೂದುಗಂದು, ಹಳದಿಗಂದು, ಕಡಲಹಸಿರು, ಮಂಕು ನೀಲಿ, ಕಡುಗೆಂಪು ಬಣ್ಣಗಳಲ್ಲೂ ಎರಡು ಆಣೆಯದನ್ನು ಎರಡು ಬಗೆಯ ಹಸಿರಿನಲ್ಲೂ ಅಚ್ಚು ಹಾಕಿದರು.

ತೊಡಕು ಹುಟ್ಟುವುದು ಇಲ್ಲಿಯೇ. ಅರ್ಧ ಆಣೆಯ ಚೀಟಿ ಕಡುಗೆಂಪು ಬಣ್ಣದಲ್ಲಿ ಅಂಚೆಗೆ ಬಂದೇ ಇರಲಿಲ್ಲ. ಅಂಥದೊಂದು ಕೈಗೆ ಬಂದಾಗ, ‘ಇದು ಬಣ್ಣ ಆರಿಸಲು ತೆಗೆದ ಪ್ರೂಫ್, 1870ಕ್ಕೂ ಹಿಂದಿನದು’ ಎಂದು ಹೇಳಿ ಮಾರುವುದು ಸುಲಭ. ಕೇಳುವವನಿಗೂ ಅದು ನಂಬುವಂತೆಯೇ ತೋರುತ್ತದೆ. ಯಾವುದೇ ಚೀಟಿ ಹೊರಡಿಸುವ ಮೊದಲು ನಾಲ್ಕಾರು ಬಣ್ಣಗಳಲ್ಲಿ ಅಚ್ಚು ತೆಗೆದು ನೋಡುವುದು ಅಂದಿನ ನಿಜವಾದ ಪದ್ಧತಿಯೇ ಆಗಿತ್ತಲ್ಲ!

ಒಂದು ಅಳತೆಪಟ್ಟಿಯ ಕೆಲಸ

ಇದನ್ನು ಬಿಡಿಸಲು ಮೊದಲು ಬೇಕಾದ ಉಪಕರಣ ಶಾಲಾ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿದೆ. ಅಂಚೆಚೀಟಿಯ ಅಂಚಿನಲ್ಲಿ 2 ಸೆಂಟಿಮೀಟರ್ ಉದ್ದಕ್ಕೆ ಎಷ್ಟು ರಂಧ್ರಗಳಿವೆ ಎಂಬ ಸಂಖ್ಯೆಯನ್ನು ಅದರ ರಂಧ್ರಮಾನ ಎನ್ನೋಣ. ಈ ಅಳತೆಯ ಕ್ರಮವನ್ನು 1866ರಲ್ಲಿ ಸೂಚಿಸಿದವರು ಪ್ಯಾರಿಸ್ಸಿನ ಲೆಗ್ರಾಂ ಎಂಬ ವೈದ್ಯರು. 1869 ಮತ್ತು 1870ರ ಮೂಲ ಚೀಟಿಗಳ ರಂಧ್ರಮಾನ 11½. 1880ರ ಮರುಮುದ್ರಣದ್ದು 12½.

ಲೆಕ್ಕ ಹಾಕೋಣ. 20 ಮಿಲಿಮೀಟರನ್ನು 11.5ರಿಂದ ಭಾಗಿಸಿದರೆ ಒಂದು ರಂಧ್ರದ ನಡುವಿನಿಂದ ಮುಂದಿನದರ ನಡುವಿಗೆ 1.74 ಮಿ.ಮೀ. ಸಿಗುತ್ತದೆ. 12.5ರಿಂದ ಭಾಗಿಸಿದರೆ 1.60 ಮಿ.ಮೀ. ಒಂದೇ ಅಂತರವನ್ನು ಕಣ್ಣಳತೆಯಲ್ಲಿ ಹೋಲಿಸಿದರೆ ವ್ಯತ್ಯಾಸ ತಿಳಿಯದು. ಆದರೆ ಸರಳ ಲೋಲಕದ ಪ್ರಯೋಗದಲ್ಲಿ ಒಂದು ಆಂದೋಲನದ ಬದಲು ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆಯುತ್ತೇವಲ್ಲ, ಹಾಗೆ ಇಲ್ಲಿ ಹತ್ತು ಅಂತರಗಳನ್ನು ಒಟ್ಟಿಗೆ ಅಳೆಯಬೇಕು. ಆಗ ಮೂಲ ಚೀಟಿಯಲ್ಲಿ 17.4 ಮಿ.ಮೀ., ಮರುಮುದ್ರಣದಲ್ಲಿ 16 ಮಿ.ಮೀ. ಒಂದೂವರೆ ಮಿಲಿಮೀಟರಿನಷ್ಟು ವ್ಯತ್ಯಾಸ ಸಾಧಾರಣ ಅಳತೆಪಟ್ಟಿಗೂ ಸಿಗುತ್ತದೆ.

ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಳತೆ ಬದಲಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಹಿಗ್ಗು-ಕುಗ್ಗು ಸಾಮಾನ್ಯವಾಗಿ ಶೇಕಡಾ ಒಂದೆರಡರ ಆಸುಪಾಸಿನದು. ಇಲ್ಲಿ ವ್ಯತ್ಯಾಸ ಶೇಕಡಾ 8. ನಮ್ಮ ಕಡೆಯ ಬೇಸಗೆಯ ಬಿಸಿಲಿನಲ್ಲಿ ಒಣಗಿಸಿದರೂ 11½ರ ಚೀಟಿ 12½ರದ್ದಾಗದು.

ಹಾಗೆಂದು ಈ ಸೂತ್ರವನ್ನು ಕಂಡಕಂಡಲ್ಲಿ ಹಚ್ಚಬಾರದು. 1871ರಿಂದ ಮುಂದಿನ ಹೈದರಾಬಾದ್ ಚೀಟಿಗಳಲ್ಲಿ ಅಸಲಿಗೇ ಹಲವು ರಂಧ್ರಮಾನಗಳಿವೆ. ಮೊದಲ ಎರಡು ವರ್ಷಗಳ ಮೂರು ಚೀಟಿಗಳಿಗೆ ಮಾತ್ರ ಇದು ಸಲ್ಲುತ್ತದೆ.

ಇನ್ನೊಂದು ಸಂಗತಿ. ಪ್ರೂಫಿಗೆ ಸಾಮಾನ್ಯವಾಗಿ ರಂಧ್ರ ಹೊಡೆಯುವುದಿಲ್ಲ. ಅಚ್ಚು ಹೇಗೆ ಬಂದಿದೆ ಎಂದು ನೋಡಿ ಒಪ್ಪಿಗೆ ಕೊಡುವುದಕ್ಕೆ ರಂಧ್ರ ಯಾಕೆ ಬೇಕು? ಕಡುಗೆಂಪು ಅರ್ಧ ಆಣೆಯಲ್ಲಿ ರಂಧ್ರಗಳಿದ್ದರೆ ಅದು ಪ್ರೂಫ್ ಎಂಬ ಮಾತು ಅಲ್ಲಿಗೇ ಸಡಿಲವಾಯಿತು. 12½ ಎಂದು ಅಳತೆ ಬಂದರೆ ಬಿದ್ದೇಹೋಯಿತು. ಮಾರುವವರಿಗೂ ಇದು ಗೊತ್ತು. ಆದ್ದರಿಂದ ಅಂಚನ್ನು ಕತ್ತರಿಸಿ, ‘ರಂಧ್ರವಿಲ್ಲದ ಪ್ರೂಫ್’ ಮಾಡುವ ಸಾಧ್ಯತೆ ಇದೆ. ಸುತ್ತ ಅಗಲವಾದ ಖಾಲಿ ಅಂಚಿರುವ ಪ್ರೂಫನ್ನು ನಂಬಬಹುದು. ಚೌಕಟ್ಟಿಗೆ ತಾಗುವಂತೆ ಕತ್ತರಿಸಿದ್ದನ್ನು ಅನುಮಾನಿಸಬೇಕು. ಅಂಚು ಹೋದ ಮೇಲೆ ನಮಗೆ ಉಳಿಯುವುದು ಕಾಗದ ಮತ್ತು ಶಾಯಿ.

ಕಾಗದ, ಶಾಯಿ, ಬೆಳಕು

ಕಾಗದವೇ ಸಾಕ್ಷಿ ಹೇಳಿದ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನದು. ಜಗತ್ತಿನ ಮೊದಲ ಅಂಚೆಚೀಟಿ, 1840ರ ಕಪ್ಪು ಪೆನ್ನಿ. ರಾಜಮನೆತನದವರಿಗಾಗಿ 1864ರಲ್ಲಿ ಅದನ್ನು ಕಪ್ಪು ಬಣ್ಣದಲ್ಲಿ ಮತ್ತೆ ಅಚ್ಚು ಹಾಕಿಸಲಾಯಿತು. ಆದರೆ ಬಳಸಿದ್ದು 66ನೆಯ ಫಲಕ. ಕಪ್ಪು ಪೆನ್ನಿ ಚಲಾವಣೆಯಲ್ಲಿದ್ದಾಗ ಆ ಫಲಕ ಇರಲೇ ಇಲ್ಲ. ಕಾಗದವೂ 1864ರದ್ದೇ. ಮೂಲ ಚೀಟಿಯನ್ನು ಬೆಳಕಿಗೆ ಹಿಡಿದರೆ ಕಾಣುವ ನೀರ್ಗುರುತು ಸಣ್ಣ ಕಿರೀಟ. ಮರುಮುದ್ರಣದ್ದು ದೊಡ್ಡ ಕಿರೀಟ, ಅದೂ ಹೆಚ್ಚಿನವುಗಳಲ್ಲಿ ತಲೆಕೆಳಗು. ನೀರ್ಗುರುತು ಕಾಗದ ಇನ್ನೂ ಹಸಿಯಾಗಿರುವಾಗಲೇ ಅದರ ದಪ್ಪದಲ್ಲಿ ಮೂಡುವಂಥದು. ಆಮೇಲೆ ಯಾರೂ ಅದನ್ನು ಸರಿಯಾಗಿ ಸೇರಿಸಲಾರರು.

ಹೈದರಾಬಾದಿನ ಚೀಟಿಗಳಿಗೆ ಈ ಅನುಕೂಲವಿಲ್ಲ. ಸ್ಕ್ರೂಗೇಜಿನಿಂದ ದಪ್ಪ ಅಳೆಯಬಹುದು, 0.01 ಮಿ.ಮೀ.ವರೆಗೆ ತಿಳಿಯುತ್ತದೆ. ಅಸಲಿ ಎಂದು ಖಚಿತವಾಗಿರುವ ನಾಲ್ಕಾರು ಚೀಟಿಗಳ ದಪ್ಪದೊಡನೆ ಹೋಲಿಸದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂಲದ ಕಂದು ಮತ್ತು ಮರುಮುದ್ರಣದ ಹಳದಿಗಂದು ಹತ್ತಿರದ ಬಣ್ಣಗಳು. ಒಂದೂವರೆ ಶತಮಾನದ ಬಿಸಿಲು, ಹೊಗೆ, ಕೈಬೆವರು ಅವನ್ನು ಇನ್ನಷ್ಟು ಹತ್ತಿರ ತಂದಿರಬಹುದು. ಇಳಕಲ್ ಸೀರೆ ಕೊಳ್ಳುವವರು ಟ್ಯೂಬ್‌ಲೈಟಿನ ಕೆಳಗೆ ನೋಡಿದ್ದು ಸಾಲದೆಂದು ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡುತ್ತಾರೆ. ಅವರ ಬುದ್ಧಿವಂತಿಕೆ ಇಲ್ಲಿಯೂ ಬೇಕು. ಎರಡು ಬೇರೆ ಶಾಯಿಗಳು ಒಂದು ದೀಪದಡಿ ಒಂದೇ ಬಣ್ಣವಾಗಿ, ಇನ್ನೊಂದರ ಅಡಿ ಬೇರೆಯಾಗಿ ಕಾಣಬಲ್ಲವು. ರೋಹಿತಮಾಪಕದಲ್ಲಿ ಪ್ರತಿಫಲನವನ್ನು ತರಂಗದೂರಕ್ಕೆ ತಕ್ಕಂತೆ ಗುರುತಿಸಿಕೊಂಡರೆ ಈ ಗೊಂದಲ ತಪ್ಪುತ್ತದೆ.

ನೇರಳಾತೀತ ದೀಪದ ಬಗೆಗೆ ಜನರಲ್ಲಿ ಅತಿಯಾದ ಭರವಸೆ ಇದೆ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ಅದೇ ದೀಪ ಇದು. 1940ರ ದಶಕದ ನಂತರ ಕಾಗದಕ್ಕೆ ಬೆಳ್ಳಗಿನ ಹೊಳಪು ಕೊಡುವ ರಾಸಾಯನಿಕಗಳನ್ನು ಸೇರಿಸುವ ರೂಢಿ ಹಬ್ಬಿತು. ಅವು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತವೆ. 1870ರ ಚೀಟಿ ಎನ್ನಲಾದ ಕಾಗದ ಹೀಗೆ ನೀಲಿಯಾಗಿ ಹೊಳೆದರೆ ಅದು ಇತ್ತೀಚಿನ ನಕಲಿ, ವಾದ ಮುಗಿಯಿತು. ಹೊಳೆಯದಿದ್ದರೆ? ಏನೂ ತೀರ್ಮಾನವಾಗಲಿಲ್ಲ. 1870ರ ಕಾಗದವೂ ಹೊಳೆಯದು, 1880ರದ್ದೂ ಹೊಳೆಯದು. ಎಕ್ಸ್-ಕಿರಣ ಪ್ರತಿದೀಪ್ತಿಯ ಸ್ಥಿತಿಯೂ ಸುಮಾರಾಗಿ ಇದೇ. ಶಾಯಿಯಲ್ಲಿ ಟೈಟೇನಿಯಂ ಬಿಳಿ ಸಿಕ್ಕರೆ ಅದು ಮೊದಲ ಮಹಾಯುದ್ಧದ ಕಾಲಕ್ಕಿಂತ ಹಿಂದಿನದಲ್ಲ. ರಾಮನ್ ರೋಹಿತದಲ್ಲಿ ಥ್ಯಾಲೊಸಯನಿನ್ ನೀಲಿ ಕಂಡರೆ 1935ಕ್ಕಿಂತ ಹಿಂದಿನದಲ್ಲ. ನಕಲಿಯನ್ನು ಹಿಡಿಯಲು ಇವು ಬಲವಾದ ಸಾಧನಗಳು; ಹತ್ತು ವರ್ಷಗಳ ಅಂತರದ ಎರಡು ಅಚ್ಚುಗಳನ್ನು ಬೇರ್ಪಡಿಸಲು ಅಸಲಿಯ ಮಾದರಿಯೊಡನೆ ಹೋಲಿಕೆ ಬೇಕೇ ಬೇಕು. ವಿಕಿರಣ ಇಂಗಾಲದ ಕಾಲಗಣನೆಯನ್ನು ಕೆಲವರು ಸೂಚಿಸುವುದುಂಟು. ಅದರ ಅನಿಶ್ಚಿತತೆಯೇ ದಶಕಗಳಷ್ಟು. ಮೇಲಾಗಿ ಚೀಟಿಯ ಒಂದು ತುಂಡನ್ನು ಸುಡಬೇಕು. ಬೇಡ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಫಲಕದ ಸವೆತದ ಸಾಕ್ಷ್ಯ. ಲೋಹದ ಫಲಕ ಬಳಸಿದಷ್ಟೂ ಸವೆಯುತ್ತದೆ. ಗೀರು ಬೀಳುತ್ತದೆ, ಮೂಲೆಯಲ್ಲಿ ಕೂತಿದ್ದರೆ ಕಿಲುಬೋ ತುಕ್ಕೋ ಹಿಡಿದು ಚುಕ್ಕೆಯಾಗುತ್ತದೆ. ಬಿದ್ದ ಗೀರು ತಾನಾಗಿ ಮಾಯವಾಗದು. ಕಾಲ ಒಂದೇ ದಿಕ್ಕಿಗೆ ಹರಿಯುತ್ತದೆ ಎಂಬುದಕ್ಕೆ ಇದು ಅಂಗೈಯಗಲದ ನಿದರ್ಶನ. 1870ರ ಚೀಟಿಗಳಲ್ಲಿ 240 ಮನೆಗಳೂ ಬೇರೆ ಬೇರೆಯಾಗಿರುವುದರಿಂದ, ಒಂದೇ ಮನೆಯ ಎರಡು ಅಚ್ಚುಗಳನ್ನು ಹುಡುಕಿ ಪಕ್ಕಪಕ್ಕದಲ್ಲಿಡಬಹುದು. ನಿಜವಾದ ಪ್ರೂಫ್ ಆಗಿದ್ದರೆ ಅದರ ಗೆರೆಗಳು ಅಂಚೆಗೆ ಬಳಕೆಯಾದ ಚೀಟಿಯ ಗೆರೆಗಳಿಗಿಂತ ಚೂಪಾಗಿರಬೇಕು. ಅಂಚೆ ಚೀಟಿಯಲ್ಲಿ ಇಲ್ಲದ ಗೀರು ಅದರಲ್ಲಿರಬಾರದು. ಇದ್ದರೆ ಅದು ಆಮೇಲಿನದು. ಒಂದೇ ಷರತ್ತು: ನಡುವೆ ಯಾರೂ ಉಳಿ ಹಿಡಿದು ಫಲಕವನ್ನು ತಿದ್ದಿರಬಾರದು.

ಈ ಮುದ್ರಣದಲ್ಲಿ ಶಾಯಿ ಕೊರೆದ ತಗ್ಗಿನಿಂದ ಕಾಗದಕ್ಕೆ ಏರುವುದರಿಂದ ಗೆರೆಗಳು ತುಸು ಉಬ್ಬಿರುತ್ತವೆ. ಕತ್ತಲ ಕೋಣೆಯಲ್ಲಿ ಬ್ಯಾಟರಿಯನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಉಬ್ಬಿನ ನೆರಳು ಕಾಣುತ್ತದೆ. ಕಲ್ಲಚ್ಚಿನ ನಕಲಿಯಲ್ಲಿ ಕಾಣದು.

ನಿಜವಾದ ಪ್ರೂಫ್ ಹೇಗಿರುತ್ತದೆ ಎಂದು ತಿಳಿಯಲು ಬ್ರಿಟಿಷ್ ಇಂಡಿಯಾದ ಚೀಟಿಗಳನ್ನೇ ನೋಡಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಳಕೆಯಲ್ಲಿದ್ದವು ಅವೇ. 1855ರಿಂದ, ನಾಸಿಕದ ಮುದ್ರಣಾಲಯ 1926ರಲ್ಲಿ ಆ ಕೆಲಸ ವಹಿಸಿಕೊಳ್ಳುವವರೆಗೆ, ಅವನ್ನು ಲಂಡನ್ನಿನ ಡಿ ಲಾ ರೂ ಸಂಸ್ಥೆ ಮುದ್ರಿಸುತ್ತಿತ್ತು. ಅಲ್ಲಿ ಚಿತ್ರವನ್ನು ಮೊದಲು ಮೆದು ಉಕ್ಕಿನಲ್ಲಿ ಕೊರೆದು, ಆಮೇಲೆ ಕಾಯಿಸಿ ಒಮ್ಮೆಲೇ ತಣಿಸಿ ಗಟ್ಟಿ ಮಾಡುತ್ತಿದ್ದರು. ಹಾಗೆ ಮಾಡುವಾಗ ಉಕ್ಕು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಆದ್ದರಿಂದ ಗಟ್ಟಿ ಮಾಡುವ ಮುಂಚೆ ಒಂದು, ಮಾಡಿದ ಮೇಲೆ ಒಂದು ಅಚ್ಚನ್ನು ನಯವಾದ ಹೊಳಪಿನ ರಟ್ಟಿನ ಮೇಲೆ ತೆಗೆದು, ಯಾವ ಹಂತದ್ದು ಎಂಬ ಮೊಹರನ್ನೂ ತಾರೀಖನ್ನೂ ಒತ್ತುತ್ತಿದ್ದರು. ತನ್ನ ಹುಟ್ಟಿದ ದಿನವನ್ನು ತಾನೇ ಹೊತ್ತ ಇಂಥ ಪ್ರೂಫಿನ ಮುಂದೆ, ತೆಳುಗಾಗದದ ಮೇಲಿನ ಅನಾಥ ಕಡುಗೆಂಪು ಚೀಟಿಯ ಹಕ್ಕೊತ್ತಾಯ ದುರ್ಬಲವಾಗಿ ಕಾಣುತ್ತದೆ.

ಲಕೋಟೆಯ ಮೇಲೆಯೇ ಉಳಿದಿರುವ ಚೀಟಿಗೆ ಈ ತಾಪತ್ರಯವಿಲ್ಲ. ಊರು ಮತ್ತು ತಾರೀಖಿನ ಮೊಹರು ಚೀಟಿಯಿಂದ ಲಕೋಟೆಗೆ ಹರಿದಿದ್ದರೆ, ಅದು ಅಂಚೆಯಲ್ಲಿ ಓಡಾಡಿದ್ದಕ್ಕೆ ಅದೇ ಪುರಾವೆ. ನಮ್ಮಲ್ಲಿ ಮಕ್ಕಳಿಗೆ ಅಂಚೆಚೀಟಿ ಸಂಗ್ರಹ ಕಲಿಸುವಾಗ, ಲಕೋಟೆಯನ್ನು ನೀರಿನಲ್ಲಿ ನೆನೆಸಿ ಚೀಟಿ ಬಿಡಿಸುವುದನ್ನೇ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ಈಚಿನ ಚೀಟಿಗಳಿಗೆ ಅದು ಸರಿ. ಸಿಂದಗಿಯದೋ ತಾಳಿಕೋಟೆಯದೋ ಹಳೆಯ ಮನೆಯ ಪತ್ರದ ಕಟ್ಟಿಗೆ ಹಾಗೆ ಮಾಡಿದರೆ, ಪತ್ರ ಯಾವ ದಾರಿಯಲ್ಲಿ ಬಂತು, ಗಡಿ ದಾಟಿತೇ, ಎಷ್ಟು ದಿನ ಹಿಡಿಯಿತು ಎಂಬುದೆಲ್ಲ ಬೋಗುಣಿಯ ನೀರಿನೊಡನೆ ಹೋಗುತ್ತದೆ.

ಬಿಡಿಯಾಗಿಯೇ ಸಿಕ್ಕಿದ್ದಾದರೆ ಪದವಿ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ಯಬಹುದು. ಚಲಿಸುವ ಸೂಕ್ಷ್ಮದರ್ಶಕ, ಸ್ಕ್ರೂಗೇಜು ಅಲ್ಲಿ ಇರುತ್ತವೆ. ಹತ್ತು ಅಂತರಗಳ ಉದ್ದ, ಕಾಗದದ ದಪ್ಪ, ನೇರಳಾತೀತದಲ್ಲಿ ಕಂಡದ್ದು, ಹಗಲು ಬೆಳಕಿನ ಬಣ್ಣ, ಇಷ್ಟನ್ನು ಬರೆದಿಟ್ಟುಕೊಳ್ಳಬೇಕು. ಕಡುಗೆಂಪು ಅರ್ಧ ಆಣೆಯ ಹತ್ತು ಅಂತರಗಳು 16 ಮಿಲಿಮೀಟರ್ ಬಂದರೆ ಆಲ್ಬಮ್ಮಿನಲ್ಲಿ ಅದರ ಕೆಳಗೆ ‘ಮರುಮುದ್ರಣ, 1880’ ಎಂದು ಬರೆದು ಅಂಟಿಸಬಹುದು. ಅಂಚು ಕತ್ತರಿಸಿ ಹೋಗಿದ್ದರೆ ಆ ಜಾಗದಲ್ಲಿ ಸದ್ಯಕ್ಕೆ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆಯೇ ಇರಲಿ.